ಜ್ವರ ಸರಣಿ 4: ಒಂದು ಪಾಸಿಟಿವ್ ಬಂದ್ರೆ ಮುಗೀತಾ?

"ಡೆಂಗಿ ಪಾಸಿಟಿವ್ ಅಂತ ಬಂತಲ್ಲ, ಇನ್ನೂ ಯಾಕೆ ಟೆಸ್ಟು? ಎಲ್ಲಾ ದುಡ್ಡು ಮಾಡೋಕೆ!"

ಈ ಮಾತು ಮನೇಲೂ ಕೇಳ್ತೀವಿ, ಕಾಮೆಂಟಲ್ಲೂ ಓದ್ತೀವಿ. ಪುಟ್ಟ ಮಕ್ಕಳ ವಿಷಯದಲ್ಲಿ ಇದು ಅಪಾಯದ ಮಾತು.

ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗಿ ಒಂದೇ ಓಡಾಡಲ್ಲ. ಚಿಕುನ್‌ಗುನ್ಯಾ ಹರಡೋದೂ ಅದೇ ಈಡಿಸ್ ಸೊಳ್ಳೆ. ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆ. ಪೊದೆ, ಹುಲ್ಲಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿದ್ರೆ ಸ್ಕ್ರಬ್ ಟೈಫಸ್. ಒಂದೇ ಮಗುವಿಗೆ ಇದರಲ್ಲಿ ಎರಡು ಒಟ್ಟಿಗೆ ಬರಬಹುದು. ಪ್ಲೇಟ್‌ಲೆಟ್ ನೋಡಿ ಹೇಳ್ತೀರಾ? ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್ ಮೂರರಲ್ಲೂ ಅದು ಇಳಿಯುತ್ತೆ!

ಡೆಂಗಿ ವೈರಸ್ಸನ್ನೇ ಕೊಲ್ಲೋ ಔಷಧಿ ನಮ್ಮ ಕೈಲಿಲ್ಲ. ಮೈಯ ನೀರಿನಂಶ ಕಾಪಾಡ್ತಾ ನಿಗಾ ಇಡ್ಬೇಕು. ಆದ್ರೆ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಇವೆ. ಮಲೇರಿಯಾಕ್ಕೂ ಔಷಧಿ ಇದೆ. "ಡೆಂಗಿ ತಾನೇ" ಅಂತ ಕಾಯ್ತಾ ಕೂತ್ರೆ, ವಾಸಿಯಾಗೋ ಕಾಯಿಲೆಗೇ ಮಗು ಬಲಿಯಾಗಬಹುದು.

ಒಂದೂವರೆ ವರ್ಷದ ಕೂಸು "ತಲೆ ಸಿಡೀತಿದೆ" ಅಂತ ಹೇಳಲ್ಲ. ನಾವೇ ಬಟ್ಟೆ ಬಿಚ್ಚಿ ನೋಡ್ಬೇಕು: ಕಂಕುಳು, ತೊಡೆಸಂದು, ಕಿವಿ ಹಿಂದೆ ಸಿಗರೇಟಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದ್ಯಾ? ಇದ್ರೆ ಡಾಕ್ಟರಿಗೆ ತೋರಿಸಿ. ಇಲ್ಲ ಅಂದ ಮಾತ್ರಕ್ಕೆ ಸ್ಕ್ರಬ್ ಟೈಫಸ್ ಅಲ್ಲ ಅಂತಲ್ಲ.

"ಸರ್, ಮಲೇರಿಯಾ, ಸ್ಕ್ರಬ್ ಟೈಫಸ್ ಕೂಡ ನೋಡಿದ್ರಾ?" ಅಂತ ಕೇಳೋದು ಅಧಿಕಪ್ರಸಂಗ ಅಲ್ಲ, ಮಗುವಿನ ಪರವಾಗಿ ಮಾತಾಡೋದು. ಮಲೇರಿಯಾ ರಕ್ತಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಇನ್ನು ದುಡ್ಡಿನ ನೆಪ ಯಾಕೆ?

ಅಕ್ಕ, ಅತ್ತಿಗೆ, ಪಕ್ಕದ್ಮನೆ ಆಂಟಿ, ಪುಟ್ಟ ಮಗು ಇರೋರಿಗೆಲ್ಲ ಕಳಿಸಿ. ಸೇವ್ ಮಾಡ್ಕೊಳ್ಳಿ.

#ಡೆಂಗಿ #ಸ್ಕ್ರಬ್‌ಟೈಫಸ್ #ಮಕ್ಕಳಆರೋಗ್ಯ