ಹೊಗೆ ಮಿಷಿನ್ನು ಆಮೇಲೆ, ಮೊದಲು ನಲ್ಲಿ ನೀರು

ಸೊಳ್ಳೆ ಎಂದ ಕೂಡಲೆ ನಮ್ಮವರ ಕಣ್ಣು ಚರಂಡಿಗೆ ಹೋಗುತ್ತೆ. ಆದರೆ ಡೆಂಗಿ, ಚಿಕುನ್‌ಗುನ್ಯಾ ಹಬ್ಬಿಸುವ ಈಡಿಸ್ ಸೊಳ್ಳೆಗೆ ಬೇಕಾದ್ದು ತಿಳಿನೀರು. ಮಳೆ ಕಮ್ಮಿಯಿರುವ ನಮ್ಮ ಬಯಲುಸೀಮೆಯಲ್ಲಿ ಅದೆಲ್ಲಿರುತ್ತೆ? ನಮ್ಮದೇ ಮನೆಯ ಡ್ರಮ್ಮು, ತೊಟ್ಟಿ, ದನದ ಬಾನಿಯಲ್ಲಿ. ಹಾಗಾಗಿ ಬರದ ಊರಿಗೂ ಈ ಜ್ವರ ತಪ್ಪಿದ್ದಲ್ಲ.

2006ರಲ್ಲಿ ರಾಜ್ಯದಲ್ಲೆಲ್ಲ ಚಿಕುನ್‌ಗುನ್ಯಾ ಹಬ್ಬಿದ್ದು ಓದುಗರಿಗೆ ನೆನಪಿರಬಹುದು. ಜೀವ ತೆಗೆಯೋದು ಅಪರೂಪ, ನಿಜ. ಆದರೆ ಕೈಕಾಲಿನ ಗಂಟು ಹಿಡಿದು ಕೂತವರು ಶೇಂಗಾದ ಕಳೆ ತೆಗೆದಾರೆಯೆ? ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತೆ. ಒಣ ಬೇಸಾಯದಲ್ಲಿ ಹದ ತಪ್ಪಿದರೆ ವರ್ಷವೇ ತಪ್ಪಿತು.

ಜ್ವರ ಹಬ್ಬಿದ ಮೇಲೆ ಹೊಗೆ ಬಿಡ್ತಾರೆ. ಅದಕ್ಕೆ ಸಾಯೋದು ಹಾರಾಡುವ ಸೊಳ್ಳೆ ಮಾತ್ರ, ಡ್ರಮ್ಮಿನೊಳಗಿನ ಮರಿಗೆ ಏನೂ ಆಗದು. ಬಿಸಿ ಹವೆಯಲ್ಲಿ ಮೊಟ್ಟೆಯು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತೆ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಅನ್ನೋದು ಇದಕ್ಕೇ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನಂಚಿನಲ್ಲಿ ಪಾತ್ರೆಯ ಗೋಡೆಗೆ ಅಂಟಿರುತ್ತೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದರೆ ಮರಿಯಾಗುತ್ತೆ, ನಮ್ಮ ಹೊಲದ ಕಳೆಬೀಜದ ಹಾಗೇ! ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ಭರಣಿ ಮಳೆಗೆ ಮುಂಚೆಯೇ ಶುರು ಮಾಡಿದರೆ ಒಳ್ಳೇದು. ಹಿತ್ತಲಿನ ಹಳೇ ಟೈರು, ತೆಂಗಿನ ಚಿಪ್ಪನ್ನೂ ನೋಡಿ.

ಇನ್ನು ನನ್ನ ತಕರಾರು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡವೆಂದು ನಿಯಮ ಮಾಡಿತು. ಹಾಕಲಿ, ಬೇಡ ಅನ್ನಲ್ಲ. ಆದರೆ ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಊರಿನ ಹೆಣ್ಣುಮಗಳು ನಾಕು ಡ್ರಮ್ಮು ತುಂಬಿಡದೆ ಏನು ಮಾಡ್ಯಾಳು? ಆ ನೀರು ಚೆಲ್ಲಮ್ಮಾ ಅನ್ನೋಕೆ ಯಾವ ಬಾಯಿ ಬರುತ್ತೆ? ದಿನ ಬಿಟ್ಟು ದಿನ ನೀರು ಕೊಟ್ಟು ಆಮೇಲೆ ದಂಡದ ಪುಸ್ತಕ ಹಿಡಿದು ಬರಲಿ. ಗ್ರಾಮಸಭೆಯಲ್ಲಿ ನಾವೂ ಹೊಗೆ ಮಿಷಿನ್ನಿಗಿಂತ ಮೊದಲು ಇದನ್ನ ಕೇಳಬೇಕು.

ಅಲ್ಲೀವರೆಗೆ ಹಳೇ ಪಂಚೆಯನ್ನ ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿ. ಹಲಗೆ ಮುಚ್ಚಿದರೆ ಸಂದಿ ಉಳಿಯುತ್ತೆ. ಬೋರಿನ ಸಿಮೆಂಟು ತೊಟ್ಟಿಗೆ ಗಪ್ಪಿ ಮೀನು ಬಿಡಿ, ಮರಿಗಳನ್ನ ತಿನ್ನುತ್ತೆ. ಈ ಸೊಳ್ಳೆ ಕಚ್ಚೋದು ಹಗಲು ಹೊತ್ತು. ಹಗಲು ಮಲಗುವ ಕೂಸಿಗೂ ಪರದೆ ಕಟ್ಟಿ.

ಜ್ವರ ಬಂದವರಿಗೆ ಅಂಗಡಿಯ ನೋವಿನ ಮಾತ್ರೆ ನುಂಗಿಸಬೇಡಿ. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತಸ್ರಾವಕ್ಕೆ ದಾರಿ. ಮೊದಲು ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿ.