ಸ್ಟಿಯರಿಂಗ್ ಎಣ್ಣೆ: ಬಣ್ಣ ನೋಡಿ ಕೊಳ್ಳುವ ಸರಕಲ್ಲ

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಯಾರೇ ಆಗಲಿ, ಇಎನ್-24 ಉಕ್ಕಿನ ಸರಳು ಕೇಳಿದಾಗ ಇಎನ್-8 ಬಂದರೆ ಸುಮ್ಮನಿರುವುದಿಲ್ಲ. ಪರೀಕ್ಷಾ ಪ್ರಮಾಣಪತ್ರ ಎಲ್ಲಿ ಎಂದು ಕೇಳುತ್ತಾರೆ, ಸರಕನ್ನು ಹಿಂದಿರುಗಿಸುತ್ತಾರೆ. ಅದೇ ಉದ್ಯಮಿಯ ಕಾರಿಗೆ ಪವರ್ ಸ್ಟಿಯರಿಂಗ್ ಎಣ್ಣೆ ಬೇಕಾದಾಗ ಮಾತ್ರ ಚಾಲಕನ ಕೈಗೆ ಹಣ ಕೊಟ್ಟು "ಒಂದು ಡಬ್ಬ ಕೆಂಪು ಎಣ್ಣೆ ತೆಗೆದುಕೊಂಡು ಬಾ" ಎಂದುಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದೆ. ಕೆಲವೇ ತಿಂಗಳಲ್ಲಿ ಚಕ್ರ ತಿರುಗಿಸಿದಾಗಲೆಲ್ಲ ಪಂಪು ನರಳತೊಡಗಿತು, ಸೀಲುಗಳು ಸೋರಿದವು. ಡಬ್ಬದ ಬೆಲೆಯ ಹತ್ತಾರು ಪಟ್ಟು ಹಣ ದುರಸ್ತಿಗೆ ಹೋಯಿತು. ಅಂಗಡಿಯವರನ್ನು ದೂರುವ ಹಾಗಿರಲಿಲ್ಲ. ನಾನು ಕೇಳಿ ಕಳುಹಿಸಿದ್ದೇ ಬಣ್ಣವನ್ನು.

ಹೈಡ್ರಾಲಿಕ್ ಸ್ಟಿಯರಿಂಗಿನಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ದ್ರವವನ್ನು ಹೆಚ್ಚಿನ ಒತ್ತಡದಲ್ಲಿ ಸ್ಟಿಯರಿಂಗ್ ರ‍್ಯಾಕಿಗೆ ನೂಕುತ್ತದೆ. ಆ ದ್ರವ ಒತ್ತಡವನ್ನು ಸಾಗಿಸುವುದರ ಜೊತೆಗೆ ಪಂಪಿನ ಭಾಗಗಳಿಗೆ ಜಾರುವಿಕೆಯನ್ನೂ ಕೊಡಬೇಕು, ರಬ್ಬರ್ ಸೀಲುಗಳಿಗೂ ಹೊಂದಿಕೊಳ್ಳಬೇಕು. ಆದ್ದರಿಂದಲೇ ತಯಾರಕರು ಇಂತಹದೇ ದ್ರವ ಎಂದು ನಿರ್ದಿಷ್ಟವಾಗಿ ಹೇಳುತ್ತಾರೆ. ಟೊಯೋಟಾದ ಹಲವು ಹಳೆಯ ಮಾದರಿಗಳಿಗೆ ಡೆಕ್ಸ್‌ರಾನ್ ದರ್ಜೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಣ್ಣೆಯೇ ಸಾಕು. ಹೋಂಡಾ ತನ್ನ ಹೈಡ್ರಾಲಿಕ್ ಸ್ಟಿಯರಿಂಗಿಗೆ ತನ್ನದೇ ದ್ರವವನ್ನು ಸೂಚಿಸುತ್ತದೆ. ಅಲ್ಲಿಗೆ ಎಟಿಎಫ್ ಸಲ್ಲದು. ಹ್ಯುಂಡೈ ಒಂದೇ ಕಂಪನಿಯಾದರೂ ಕೆಲವು ಮಾದರಿಗಳಿಗೆ ಪಿಎಸ್‌ಎಫ್-3, ಬೇರೆ ಕೆಲವಕ್ಕೆ ಪಿಎಸ್‌ಎಫ್-4. ಬಿಎಂಡಬ್ಲ್ಯು ಕಾರುಗಳಲ್ಲಂತೂ ಕೆಲವಕ್ಕೆ ಎಟಿಎಫ್, ಕೆಲವಕ್ಕೆ ಹಸಿರು ಬಣ್ಣದ ಸಿಎಚ್‌ಎಫ್-11ಎಸ್. ಯಾವುದು ಎಂಬುದು ದ್ರವದ ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ. ಮುಚ್ಚಳವನ್ನು ಓದುವವರೇ ಕಡಿಮೆ.

ಕೆಂಪು ಎಂಬುದು ಕೇವಲ ಬೆರೆಸಿದ ಬಣ್ಣ. ಎಂಜಿನ್ ಎಣ್ಣೆಯಿಂದ ಗುರುತು ಸಿಗಲಿ ಎಂದು ಎಟಿಎಫ್‌ಗೆ ಅದನ್ನು ಸೇರಿಸುತ್ತಾರೆ. ಗುಣದರ್ಜೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬ್ರೇಕ್ ದ್ರವವನ್ನು ಸ್ಟಿಯರಿಂಗಿಗೆ ಸುರಿಯುವವರೂ ಇದ್ದಾರೆ. ಡಾಟ್-3, ಡಾಟ್-4 ದ್ರವಗಳು ಗ್ಲೈಕಾಲ್ ಆಧಾರಿತವಾದವು; ಖನಿಜ ತೈಲಕ್ಕೆಂದು ಮಾಡಿದ ಸೀಲುಗಳನ್ನು ಕೆಡಿಸುತ್ತವೆ. ಹೀಗೆ ಸುರಿದವರು ಒಂದು ದಿನ ಘಟ್ಟದ ತಿರುವಿನಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಭಾರವಾದಾಗ ಬೆಲೆ ತೆರಬೇಕಾದೀತು.

ಬಿಡಿಭಾಗಗಳ ವ್ಯಾಪಾರಿಗಳಾದ ಸದಸ್ಯರು ಇನ್ನೊಂದು ವಿಷಯವನ್ನು ಗಮನಿಸಬೇಕು. ಡೆಕ್ಸ್‌ರಾನ್-3ಕ್ಕೆ ಜನರಲ್ ಮೋಟಾರ್ಸ್ ಪರವಾನಗಿ ಕೊಡುವುದು 2006ರ ಕೊನೆಗೇ ನಿಂತಿತು. 2005ರಲ್ಲಿ ಡೆಕ್ಸ್‌ರಾನ್-6 ಬಂದಿತ್ತು. ಹಾಗಾಗಿ ಇಂದು ಡಬ್ಬದ ಮೇಲೆ ಕಾಣುವ "ಡೆಕ್ಸ್‌ರಾನ್-3" ಎಂಬುದು ಎಣ್ಣೆ ತಯಾರಿಸಿದವನ ಹೇಳಿಕೆಯೇ ಹೊರತು ವಾಹನ ಕಂಪನಿಯ ಅನುಮೋದನೆಯಲ್ಲ. ಎಲ್ಲವೂ ಕಳಪೆ ಎಂದು ನಾನು ಹೇಳುತ್ತಿಲ್ಲ. ನಂಬಿಕೆಯ ತಯಾರಕರದು ಚೆನ್ನಾಗಿಯೇ ಇರುತ್ತದೆ. ಆದರೆ ಆ ನಂಬಿಕೆಯನ್ನು ಅಳೆಯಬೇಕಾದವರು ಕೌಂಟರಿನಲ್ಲಿ ಕುಳಿತ ನಾವು. "ಎಲ್ಲ ವಾಹನಗಳಿಗೂ ಆಗುತ್ತದೆ" ಎಂಬ ಡಬ್ಬವನ್ನು ಮಾರುವ ಮುನ್ನ, ಅದು ಯಾವ ದರ್ಜೆಗಳನ್ನು ಪೂರೈಸುತ್ತದೆ ಎಂದು ಚೀಟಿಯಲ್ಲಿ ಬರೆದಿದೆಯೇ ಎಂದಾದರೂ ನೋಡಬೇಡವೇ?

ನನ್ನ ಸಲಹೆ ಇಷ್ಟೆ. ಬಿಲ್ಲಿನ ಮೇಲೆ "ಸ್ಟಿಯರಿಂಗ್ ಎಣ್ಣೆ" ಎಂದು ಬರೆಯುವುದನ್ನು ಬಿಟ್ಟು ದರ್ಜೆಯನ್ನೇ ಬರೆಯೋಣ. ಕಾರಿನ ಮಾದರಿ ಮತ್ತು ವರ್ಷವನ್ನು ಕೇಳಿಯೇ ಡಬ್ಬ ಕೊಡೋಣ. ಪದೇ ಪದೇ ಎಣ್ಣೆ ಕೇಳಿ ಬರುವ ಗ್ರಾಹಕನಿಗೆ ಇನ್ನೊಂದು ಡಬ್ಬ ಕೊಡುವ ಮುನ್ನ ಸೋರಿಕೆಯನ್ನು ಪರೀಕ್ಷಿಸಿಕೊಳ್ಳಲು ಹೇಳೋಣ, ಏಕೆಂದರೆ ಈ ದ್ರವ ಎಂಜಿನ್ ಎಣ್ಣೆಯಂತೆ ಉರಿದು ಕಡಿಮೆಯಾಗುವುದಿಲ್ಲ. ಇಂದಿನ ಬಹುತೇಕ ಹೊಸ ಕಾರುಗಳಲ್ಲಿ ವಿದ್ಯುತ್ ಮೋಟಾರಿನ ಸ್ಟಿಯರಿಂಗ್ ಇರುವುದರಿಂದ ಎಣ್ಣೆ ತುಂಬುವ ಜಾಗವೇ ಇರುವುದಿಲ್ಲ. ಅಂತಹ ಕಾರಿನ ಮಾಲೀಕರು ಡಬ್ಬ ಕೇಳಿ ಬಂದರೆ ಹಣ ಪಡೆಯದೆ ಹಿಂದಕ್ಕೆ ಕಳುಹಿಸುವ ಅಂಗಡಿಗೆ ಅವರು ಮುಂದಿನ ಸಲ ಬ್ರೇಕ್ ಪ್ಯಾಡಿಗಾಗಿ ಬಂದೇ ಬರುತ್ತಾರೆ.