ಒಂದು ಹಗಲಿನ ಅತಿಥಿಗಳು

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಇಂದಿಗೂ ಒಂಟಿಕೊಪ್ಪಲ್ ಪಂಚಾಂಗ ನೋಡದೆ ಶುಭಕಾರ್ಯಕ್ಕೆ ದಿನ ಗೊತ್ತುಮಾಡುವುದಿಲ್ಲ. ವಿಹಾರನೌಕೆಗಳಿಗೂ ಅವುಗಳದೇ ಒಂದು ಪಂಚಾಂಗವಿದೆ. ಮಳೆಗಾಲದ ಕಡಲು ಶಾಂತವಾದ ಮೇಲೆ, ಸಾಮಾನ್ಯವಾಗಿ ನವೆಂಬರಿನಿಂದ, ವಿದೇಶೀ ಪ್ರವಾಸಿಗರನ್ನು ಹೊತ್ತ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಬರತೊಡಗುತ್ತವೆ. ಬೆಳಿಗ್ಗೆ ಚೆಂಡೆ ಮತ್ತು ಯಕ್ಷಗಾನದ ವೇಷಗಳಿಂದ ಸ್ವಾಗತ. ಬಳಿಕ ಬಸ್ಸುಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕದ್ರಿ ದೇವಾಲಯ, ಒಂದು ಗೋಡಂಬಿ ಕಾರ್ಖಾನೆ. ಸಂಜೆಯಾಗುವಷ್ಟರಲ್ಲಿ ಹಡಗು ಲಂಗರು ಎತ್ತಿರುತ್ತದೆ. ಊಟವೂ ಹಾಸಿಗೆಯೂ ಹಡಗಿನಲ್ಲಿಯೇ ಇರುವುದರಿಂದ, ಊರಿನ ಹೋಟೆಲಿಗೆ ಈ ಅತಿಥಿಗಳಿಂದ ದೊರೆಯುವುದು ಅತ್ಯಲ್ಪ.

ಇದೇ ಬಂದರಿಗೆ ಬೆಟ್ಟದ ಜನರೊಡನೆ ಹಳೆಯ ನಂಟಿದೆ. 1975ರಲ್ಲಿ ಉದ್ಘಾಟನೆಗೊಂಡ ಈ ಬಂದರಿಗಾಗಿ ಮನೆ, ಗದ್ದೆ ಬಿಟ್ಟ ಪಣಂಬೂರಿನ ಕುಟುಂಬಗಳು ಕಾಟಿಪಳ್ಳದ ಪುನರ್ವಸತಿ ನಿವೇಶನಗಳಿಗೆ ಹೋದವು. ಅನಂತರ ಕುದುರೆಮುಖದ ಅದಿರು ಕೆಸರಾಗಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಇಲ್ಲಿಂದಲೇ ಹಡಗೇರಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಾಗ, ಬೆಟ್ಟದ ಮೈ ಎಷ್ಟು ಸವೆದಿತ್ತೆಂಬುದನ್ನು ಅಲ್ಲಿ ಓಡಾಡಿದವರೆಲ್ಲ ಬಲ್ಲರು. ಅದಕ್ಕೆ ಹೋಲಿಸಿದರೆ ವಿಹಾರನೌಕೆಯ ಹಾನಿ ಚಿಕ್ಕದು. ಅದನ್ನು ಗಣಿಯ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಆದರೆ ಕುದುರೆಮುಖದಲ್ಲಿ ಲೆಕ್ಕ ಕೇಳಿದ್ದು ತಡವಾಗಿ. ಇಲ್ಲಿ ಹಡಗುಗಳ ಸಂಖ್ಯೆ ಇನ್ನೂ ಸಣ್ಣದಾಗಿರುವಾಗಲೇ ಕೇಳಬಹುದು.

ಮೊದಲೇ ಕಟ್ಟಳೆ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಅರ್ಜೆಂಟೀನಾದ ದಕ್ಷಿಣ ತುದಿಯಲ್ಲಿರುವ ಉಷುವಾಯಾ ಒಂದು ಕಾಲದಲ್ಲಿ ಕೈದಿಗಳನ್ನು ಸಾಗಹಾಕುತ್ತಿದ್ದ ಊರು. ಅಲ್ಲಿನ ಸೆರೆಮನೆ ಮುಚ್ಚಿದ್ದು 1947ರಲ್ಲಿ. ಇಂದು ಅಂಟಾರ್ಕ್ಟಿಕಕ್ಕೆ ಹೋಗುವ ವಿಹಾರನೌಕೆಗಳಲ್ಲಿ ಹೆಚ್ಚಿನವು ಹೊರಡುವುದು ಅಲ್ಲಿಂದಲೇ. 2007ರ ನವೆಂಬರಿನಲ್ಲಿ ಅಲ್ಲಿಂದ ಹೊರಟ ಎಕ್ಸ್‌ಪ್ಲೋರರ್ ಎಂಬ ಹಡಗು ಹಿಮಗಡ್ಡೆಗೆ ತಾಗಿ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಬದುಕಿದರು. ತೊಟ್ಟಿಯಲ್ಲಿದ್ದ ಡೀಸೆಲ್ ಹಡಗಿನೊಡನೆ ಕಡಲು ಸೇರಿತು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಅಂಟಾರ್ಕ್ಟಿಕದ ನೆಲದಲ್ಲಿ ಜನರನ್ನು ಇಳಿಸಬಾರದು, ಒಂದು ಸ್ಥಳದಲ್ಲಿ ಏಕಕಾಲಕ್ಕೆ 100 ಪ್ರಯಾಣಿಕರಿಗಿಂತ ಹೆಚ್ಚು ಮಂದಿ ಇರಬಾರದು ಎಂದು ಒಪ್ಪಂದದ ರಾಷ್ಟ್ರಗಳು 2009ರಲ್ಲಿ ತೀರ್ಮಾನಿಸಿದವು. 2011ರಿಂದ ಆ ಕಡಲಿನಲ್ಲಿ ಭಾರೀ ಇಂಧನ ತೈಲಕ್ಕೂ ನಿಷೇಧ ಬಂತು. ಪೆಂಗ್ವಿನ್‌ಗಳಿಗೆ ಇಷ್ಟು ಕಾಳಜಿ ದೊರೆತಿರುವಾಗ ಮನುಷ್ಯರು ವಾಸಿಸುವ ಕರಾವಳಿಗೆ ಒಂದಿಷ್ಟಾದರೂ ದೊರೆಯಬೇಡವೆ?

ಅಂತಾರಾಷ್ಟ್ರೀಯ ನಿಯಮದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ದಾಟಿದ ಹಡಗು, ಸಾಗುತ್ತಲೇ, ಶುದ್ಧೀಕರಿಸದ ಶೌಚದ ನೀರನ್ನು ಕೂಡ ಕಡಲಿಗೆ ಬಿಡಬಹುದು. ಮಂಗಳೂರಿನ ಮೀನುಗಾರರು ಬಲೆ ಬೀಸಲು ಹೋಗುವ ನೀರು ಅದು. ದಕ್ಕೆಯಲ್ಲಿ ನಿಂತ ಹಡಗು ದಡದಿಂದ ವಿದ್ಯುತ್ ಪಡೆಯದಿದ್ದರೆ ದೀಪಕ್ಕೂ ತಂಪಿಗೂ ತನ್ನ ಯಂತ್ರಗಳನ್ನೇ ಓಡಿಸುತ್ತಿರಬೇಕು. 2020ರಿಂದ ಇಂಧನದ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿರುವುದರಿಂದ ಹೊಗೆ ಹಿಂದಿನಷ್ಟು ಕೆಟ್ಟದಲ್ಲ ಎಂಬುದನ್ನೂ ಹೇಳಬೇಕು.

ನೀರಿನ ಮಾತು ಬೇರೆ. ಕುದುರೆಮುಖದ ಸೀಮೆಯಲ್ಲಿ ಹುಟ್ಟಿ ಬರುವ ನೇತ್ರಾವತಿಯನ್ನು ತುಂಬೆಯ ಅಣೆಕಟ್ಟಿನಲ್ಲಿ ತಡೆದು ಮಂಗಳೂರಿಗೆ ಕುಡಿಸಲಾಗುತ್ತಿದೆ. 2019ರ ಬೇಸಗೆಯಲ್ಲಿ ನದಿ ಬತ್ತಿ, ನಗರಕ್ಕೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಹಡಗುಗಳು ಬರುವ ಋತುವಿನ ಕೊನೆಯ ಭಾಗವೂ ನದಿ ಬಡವಾಗುವ ಕಾಲವೂ ಒಂದೇ. ಪ್ರತಿಯೊಂದು ವಿಹಾರನೌಕೆಯೂ ಬಂದರಿನಿಂದ ಎಷ್ಟು ಸಿಹಿನೀರು ತುಂಬಿಕೊಂಡಿತು, ಎಷ್ಟು ಕಸ ಇಳಿಸಿತು, ಆ ಕಸ ಯಾವ ಊರಿನ ಅಂಚಿಗೆ ಹೋಯಿತು ಎಂಬ ವಿವರವನ್ನು ಬಂದರು ಪ್ರಾಧಿಕಾರವು ಕನ್ನಡದಲ್ಲಿ, ಬಂದರಿನ ಬಾಗಿಲಲ್ಲೇ ಹಲಗೆಯ ಮೇಲೆ ಬರೆದು ಹಾಕಲಿ. ಬೇಸಗೆ ರಜೆಯಲ್ಲಿ ಕಡಲು ನೋಡಲು ಘಟ್ಟವಿಳಿಯುವ ವಿದ್ಯಾರ್ಥಿಗಳು ಪಣಂಬೂರಿನಲ್ಲಿ ಹಡಗಿನ ಜೊತೆಗೆ ಆ ಹಲಗೆಯನ್ನೂ ಓದಿಕೊಂಡು ಬರಬಹುದು.